ಎಷ್ಟನೇ ತಿಂಗಳು ಅಮ್ಮಾ? ಮದುವೆಯಾಗದ ಹುಡುಗಿಯರು ಸ್ತ್ರೀರೋಗ ವೈದ್ಯರ ಬಳಿ ಹೋಗುವುದು, ಹೋಗದಿರುವುದು

"ಎಷ್ಟನೇ ತಿಂಗಳು ಅಮ್ಮಾ?"

ಪಕ್ಕದ ಕುರ್ಚಿಯ ಹೆಂಗಸು ಕೇಳಿದ್ದು ಅಕ್ಕರೆಯಿಂದಲೇ. ಹೊರಗೆ ಬೋರ್ಡಿನಲ್ಲಿ 'ಸ್ತ್ರೀರೋಗ ಮತ್ತು ಪ್ರಸೂತಿ' ಅಂತ ಬರೆದಿತ್ತು. ಒಳಗೆ ಕೂತವರಲ್ಲಿ ಮುಕ್ಕಾಲು ಮಂದಿ ಬಸುರಿಯರು. ನನ್ನ ಅಕ್ಕನ ಮಗಳು ಉತ್ತರ ಕೊಡಲಿಲ್ಲ. ಆ ಹೆಂಗಸಿನ ಕಣ್ಣು ಅವಳ ಕುತ್ತಿಗೆಗೆ ಹೋಯಿತು, ಅಲ್ಲಿಂದ ಕಾಲಿಗೆ ಇಳಿಯಿತು. ಕಾಲುಂಗುರ ಇಲ್ಲದ ಕಾಲನ್ನು ಹುಡುಗಿ ಸುಮ್ನೆ ಕುರ್ಚಿಯ ಕೆಳಗೆ ಎಳೆದುಕೊಂಡಳು.

ಅವಳಿಗೆ 24 ವರ್ಷ. ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದು ಕೆಲಸಕ್ಕೆ ಹೋಗುತ್ತಾಳೆ. ಏಳೆಂಟು ತಿಂಗಳಿಂದ ಮುಟ್ಟು 45, 50 ದಿನಕ್ಕೆ ಹೋಗಿತ್ತು. ಬಂದರೆ ಎಂಟು ಒಂಬತ್ತು ದಿನ ನಿಲ್ಲುತ್ತಿರಲಿಲ್ಲ. ಅಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಕೊನೆಗೆ ಹೇಳಿದ್ದು ಅಮ್ಮನಿಗಲ್ಲ, ಚಿಕ್ಕಮ್ಮನಾದ ನನಗೆ. "ಚಿಕ್ಕಿ, ನೀನು ಬಂದರೆ ಮಾತ್ರ ಹೋಗ್ತೀನಿ" ಅಂದಳು.

ಓದಿದ ಹುಡುಗಿ, ಕೈಯಲ್ಲಿ ಸಂಬಳ ಇದೆ, ನಡೆದು ಹೋಗುವಷ್ಟು ಹತ್ತಿರ ಆಸ್ಪತ್ರೆ ಇದೆ. ಆದರೂ ಎಂಟು ತಿಂಗಳು ಯಾಕೆ ಹಿಡಿಯಿತು? 2025ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ತಿಂಗಳಿಗೆ ಒಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿದ ಮೇಲೆ, ಅಡುಗೆಮನೆಯ ಪಿಸುಮಾತು ಆಫೀಸಿನ ಎಚ್‌ಆರ್ ಮೇಜಿನವರೆಗೂ ಬಂದಿದೆ. ಹಾಗಾಗಿ ಈ 'ಯಾಕೆ'ಯನ್ನು ಸ್ವಲ್ಪ ಬಿಡಿಸಿ ನೋಡೋಣ.

ಸಂತಾನೋತ್ಪತ್ತಿ ಆರೋಗ್ಯ ಅಂದರೆ ಮಗು ಹೆರುವುದಷ್ಟೇ ಅಲ್ಲ

ಹೆಸರೇ ಮೊದಲ ತೊಡಕು. 'ಸಂತಾನೋತ್ಪತ್ತಿ' ಅಂದಕೂಡಲೇ ಮನಸ್ಸಿಗೆ ಬರುವುದು ಮಗು. ಮಗು ಅಂದರೆ ಮದುವೆ. ಮದುವೆಯೇ ಆಗದವಳಿಗೆ ಇದೆಲ್ಲ ಯಾಕೆ ಅಂತ ಅನ್ನಿಸಿಬಿಡುತ್ತದೆ.

1994ರಲ್ಲಿ ಈಜಿಪ್ಟಿನ ಕೈರೋದಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ಸಮ್ಮೇಳನ ನಡೆಯಿತು. ಅಲ್ಲಿ ಒಪ್ಪಿಕೊಂಡ ಅರ್ಥ ಇದಕ್ಕಿಂತ ದೊಡ್ಡದು. ಗರ್ಭಕೋಶ, ಅಂಡಾಶಯ, ಅವುಗಳ ಕೆಲಸಕ್ಕೆ ಸಂಬಂಧಪಟ್ಟ ಎಲ್ಲದರಲ್ಲೂ ದೇಹ ಮತ್ತು ಮನಸ್ಸು ನೆಮ್ಮದಿಯಾಗಿರಬೇಕು, ರೋಗ ಇಲ್ಲದಿದ್ದರಷ್ಟೇ ಸಾಲದು ಅನ್ನುವುದು ಅದರ ಸಾರ. ಈ ಲೆಕ್ಕದಲ್ಲಿ ಮುಟ್ಟಿನ ನೋವು, ಬಿಳಿಸೆರಗು, ರಕ್ತಹೀನತೆ, ಪಿಸಿಒಡಿ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ), ಮೂತ್ರದ ಉರಿ, ಸೋಂಕು, ಬೇಡದ ಬಸಿರು, ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಎಲ್ಲವೂ ಬರುತ್ತವೆ. ಇವುಗಳಲ್ಲಿ ಹೆಚ್ಚಿನವು ತಾಳಿ ಇದೆಯೋ ಇಲ್ಲವೋ ನೋಡಿ ಬರುವಂಥವಲ್ಲ.

ಯಾವುದು ಮಾಮೂಲಿ?

ವೈದ್ಯರ ಬಳಿ ಹೋಗಬೇಕು ಅನ್ನಿಸಬೇಕಾದರೆ ಮೊದಲು 'ಇದು ಸರಿಯಿಲ್ಲ' ಅಂತ ಗೊತ್ತಾಗಬೇಕು. ಬಹಳ ಮಂದಿ ಇಲ್ಲೇ ನಿಂತುಬಿಡುತ್ತಾರೆ. ಯಾಕೆಂದರೆ ಹೋಲಿಸಿ ನೋಡಲು ಇರುವುದು ಮನೆಯ ಹೆಂಗಸರು ಮಾತ್ರ. ಅಮ್ಮನಿಗೂ ಹೊಟ್ಟೆನೋವು, ಅಜ್ಜಿಗೂ ಹೊಟ್ಟೆನೋವು. ಹಾಗಾದರೆ ಹೊಟ್ಟೆನೋವು ಹೆಣ್ಣಿನ ಹಣೆಬರಹ ಅಂತಾಯಿತು.

ವೈದ್ಯರು ಹಿಡಿಯುವ ಅಳತೆ ಹೀಗಿದೆ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನಕ್ಕೆ 21ರಿಂದ 35 ದಿನ ಇದ್ದರೆ ಸರಿ. ಮೈನೆರೆದ ಮೊದಲ ಕೆಲವು ವರ್ಷ 45 ದಿನದವರೆಗೂ ಹೋಗಬಹುದು. ರಕ್ತಸ್ರಾವ ಎರಡರಿಂದ ಏಳು ದಿನ. ಗಂಟೆಗೊಂದು ಪ್ಯಾಡ್ ಬದಲಿಸಬೇಕಾಗಿ ಬಂದರೆ, ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪು ಹೋಗುತ್ತಿದ್ದರೆ, ನೋವಿಗೆ ಕಾಲೇಜೋ ಕೆಲಸವೋ ತಪ್ಪುತ್ತಿದ್ದರೆ ಅದು ಮಾಮೂಲಿ ಅಲ್ಲ. ತೋರಿಸಬೇಕು.

ನೋವನ್ನು ಸಹಿಸಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಎಂಡೊಮೆಟ್ರಿಯೋಸಿಸ್ ಒಂದು ಉದಾಹರಣೆ. ಗರ್ಭಕೋಶದ ಒಳಪದರದಂಥದ್ದೇ ಪದರ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ ಇದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಹತ್ತು ಹೆಂಗಸರಲ್ಲಿ ಒಬ್ಬರಿಗೆ ಇದೆ. ನೋವು ಶುರುವಾಗಿ ಕಾಯಿಲೆಗೆ ಹೆಸರು ಸಿಗುವ ಹೊತ್ತಿಗೆ ನಾಲ್ಕರಿಂದ ಹನ್ನೆರಡು ವರ್ಷ ಕಳೆದಿರುತ್ತದೆ ಅಂತಲೂ ಅದೇ ಸಂಸ್ಥೆ ಹೇಳುತ್ತದೆ. 'ಮುಟ್ಟು ಅಂದಮೇಲೆ ನೋವು ಇದ್ದದ್ದೇ' ಅನ್ನುವ ಮಾತಿಗೂ ಈ ತಡದಲ್ಲಿ ಪಾಲಿದೆ.

ಸುಸ್ತಿನ ಕಥೆಯೂ ಅಷ್ಟೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಶೇ 48 ಮಂದಿಗೆ ರಕ್ತಹೀನತೆ ಇತ್ತು. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಮನೆಯಲ್ಲಿರುವ ಇಬ್ಬರಲ್ಲಿ ಒಬ್ಬರಿಗೆ ಸುಸ್ತು ಅಂದಮೇಲೆ ಸುಸ್ತೇ ಮಾಮೂಲಿ ಆಗಿಬಿಡುತ್ತದೆ, ಅಲ್ವಾ?

ಪುಕ್ಕಟೆ ಎಕ್ಸ್‌ರೇಗೂ ಜನ ಬರಲಿಲ್ಲ

ಗೊತ್ತಾದ ಮೇಲೂ ಜನ ಯಾಕೆ ಹೋಗುವುದಿಲ್ಲ? ಈ ಪ್ರಶ್ನೆ ಹಳೆಯದು. 1950ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಕ್ಷಯ ಪತ್ತೆಗೆ ಎಕ್ಸ್‌ರೇ ಯಂತ್ರ ಇಟ್ಟ ಗಾಡಿಗಳನ್ನು ಜನರಿದ್ದಲ್ಲಿಗೇ ಕಳಿಸುತ್ತಿದ್ದರು. ದುಡ್ಡು ಕೊಡಬೇಕಿಲ್ಲ, ದೂರ ಹೋಗಬೇಕಿಲ್ಲ. ಆದರೂ ಅಂದುಕೊಂಡಷ್ಟು ಮಂದಿ ಬರಲಿಲ್ಲ. ಅಲ್ಲಿನ ಸಾರ್ವಜನಿಕ ಆರೋಗ್ಯ ಇಲಾಖೆಯ ಮನೋವಿಜ್ಞಾನಿಗಳು, ಗಾಡ್‌ಫ್ರೀ ಹಾಕ್‌ಬಮ್, ಅರ್ವಿನ್ ರೋಸೆನ್‌ಸ್ಟಾಕ್ ಮುಂತಾದವರು, ಕಾರಣ ಹುಡುಕುತ್ತಾ ಹೋಗಿ ಒಂದು ಚೌಕಟ್ಟು ಕಟ್ಟಿದರು. ಅದಕ್ಕೆ 'ಹೆಲ್ತ್ ಬಿಲೀಫ್ ಮಾಡೆಲ್' ಅಂತ ಹೆಸರು. ಆರೋಗ್ಯದ ಬಗ್ಗೆ ನಮ್ಮ ನಂಬಿಕೆಗಳ ಲೆಕ್ಕ ಅಂತ ಕನ್ನಡದಲ್ಲಿ ಹೇಳಬಹುದು.

ಸ್ಕೂಟಿ ಸರ್ವಿಸ್ ನೆನಪಿಸಿಕೊಳ್ಳಿ. ಬ್ರೇಕ್ ಸ್ವಲ್ಪ ಕಿರ್ ಅನ್ನುತ್ತಿದೆ. ಗ್ಯಾರೇಜಿಗೆ ಹೋಗುವ ಮುಂಚೆ ತಲೆಯಲ್ಲಿ ಒಂದು ಲೆಕ್ಕ ಓಡುತ್ತದೆ. ನನ್ನ ಗಾಡಿಗೆ ನಿಜವಾಗಲೂ ಏನಾದರೂ ಆಗುತ್ತಾ? ಆದರೆ ಎಷ್ಟು ಕೆಟ್ಟದ್ದಾದೀತು? ಗ್ಯಾರೇಜಿನವನು ಸರಿ ಮಾಡುತ್ತಾನಾ? ಎಷ್ಟು ದುಡ್ಡು ಕಿತ್ತಾನು, ಎಷ್ಟು ಹೊತ್ತು ಕಾಯಿಸುತ್ತಾನು? ಹೆಚ್ಚಿನ ಸಲ 'ನೋಡೋಣ ಬಿಡು' ಅಂತ ಮುಂದೆ ಹೋಗುತ್ತೇವೆ. ಒಂದು ದಿನ ಗೆಳತಿ ಬಿದ್ದು ಕೈ ಮುರಿದುಕೊಂಡಳು ಅಂತ ಗೊತ್ತಾಗುತ್ತದೆ. ಅವತ್ತು ಸಂಜೆಯೇ ಗ್ಯಾರೇಜಿನಲ್ಲಿರುತ್ತೇವೆ.

ಆ ಚೌಕಟ್ಟಿನಲ್ಲಿ ಇರುವುದೂ ಇವೇ: ನನಗೆ ಬರಬಹುದೆಂಬ ಅಳುಕು, ಬಂದರೆ ಏನಾದೀತೆಂಬ ಅಂದಾಜು, ಹೋದರೆ ಸಿಗುವ ಲಾಭ, ಹೋಗಲು ಇರುವ ಅಡ್ಡಿ, ಮತ್ತೆ ಕೊನೆಯಲ್ಲಿ ಎಬ್ಬಿಸಿ ಕಳಿಸುವ ಒಂದು ತಳ್ಳು. 'ನಾನು ಹೋಗಬಲ್ಲೆ' ಅನ್ನುವ ಧೈರ್ಯವನ್ನು ಆಮೇಲೆ ಸೇರಿಸಿದರು. ನಮ್ಮ ಹುಡುಗಿಯರ ವಿಷಯದಲ್ಲಿ ಕಾಯಿಲೆಯ ಬಗ್ಗೆ ಗೊತ್ತಿಲ್ಲದಿರುವುದು ಈ ಲೆಕ್ಕದ ಒಂದು ಸಾಲು ಮಾತ್ರ. ತೂಕ ಜಾಸ್ತಿ ಇರುವುದು ಅಡ್ಡಿಯ ಸಾಲಿನಲ್ಲಿ.

ಅಮ್ಮ, ಮೆಡಿಕಲ್ ಶಾಪು, ಮೊಬೈಲು

ಮೊದಲ ಪ್ಯಾಡನ್ನೋ ಬಟ್ಟೆಯನ್ನೋ ಕೈಗೆ ಕೊಡುವವಳು ಸಾಮಾನ್ಯವಾಗಿ ಅಮ್ಮ. ಆವತ್ತು ಅವಳು ಏನು ಹೇಳುತ್ತಾಳೆ, ಯಾವ ದನಿಯಲ್ಲಿ ಹೇಳುತ್ತಾಳೆ ಅನ್ನುವುದು ಮುಂದೆ ಬಹಳ ವರ್ಷ ಕೆಲಸ ಮಾಡುತ್ತದೆ. 'ಹೊರಗೆ ಕೂತಿದ್ದಾಳೆ', 'ಕಾಗೆ ಮುಟ್ಟಿದೆ', 'ಡೇಟ್ ಆಗಿದೆ' ಅಂತ ಸುತ್ತಿ ಬಳಸಿ ಹೇಳುವ ಮನೆಯಲ್ಲಿ ಬೆಳೆದವಳಿಗೆ ವೈದ್ಯರ ಮುಂದೆ ನೇರ ಮಾತು ಹೇಗೆ ಬರಬೇಕು? ಬಿಳಿ ಹೋಗುತ್ತಿದೆ, ವಾಸನೆ ಇದೆ, ತುರಿಕೆ ಇದೆ ಅನ್ನುವುದನ್ನು ಬಾಯಿಬಿಟ್ಟು ಹೇಳಲು ಪದವೇ ಸಿಗದೆ 'ಹೊಟ್ಟೆ ನೋವು' ಅಂತ ಹೇಳಿ ಬರುವವರಿದ್ದಾರೆ.

ಅಮ್ಮಂದಿರನ್ನು ಬೈದು ಪ್ರಯೋಜನವಿಲ್ಲ. ಅವರೂ ತಮ್ಮ ದೇಹ ತೋರಿಸಿಕೊಂಡವರಲ್ಲ. ಅದೇ 2019-21ರ ಸಮೀಕ್ಷೆಯಲ್ಲಿ, ದೇಶದ 30ರಿಂದ 49 ವರ್ಷದ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆಯನ್ನು ಒಮ್ಮೆಯಾದರೂ ಮಾಡಿಸಿಕೊಂಡವರು ಶೇ 2ಕ್ಕಿಂತ ಕಡಿಮೆ. ಹೆರಿಗೆಗೆ ಬಿಟ್ಟು ಬೇರೆ ಯಾವುದಕ್ಕೂ ಆ ಬಾಗಿಲು ತಟ್ಟದವಳು ಮಗಳಿಗೆ ದಾರಿ ತೋರಿಸುವುದು ಕಷ್ಟ.

ಇನ್ನೊಂದು ತಮಾಷೆ ನೋಡಿ. 'ಮದುವೆಗೆ ಮುಂಚೆ ಹಾರ್ಮೋನ್ ಮಾತ್ರೆ ತಗೋಬೇಡ, ಮುಂದೆ ಮಕ್ಕಳಾಗಲ್ಲ' ಅನ್ನುವ ಮನೆಯಲ್ಲೇ, ಗೌರಿ ಹಬ್ಬಕ್ಕೋ ವರಮಹಾಲಕ್ಷ್ಮಿಗೋ 'ಡೇಟ್ ಮುಂದಕ್ಕೆ ಹಾಕೋ ಮಾತ್ರೆ' ಮೆಡಿಕಲ್ ಶಾಪಿನಿಂದ ಬರುತ್ತದೆ. ಅದೂ ಹಾರ್ಮೋನ್ ಮಾತ್ರೆಯೇ, ಹೆಸರು ನೊರೆಥಿಸ್ಟೆರೋನ್. ವೈದ್ಯರ ಚೀಟಿ ಇದ್ದರೆ ಮಾತ್ರ ಕೊಡಬೇಕಾದ ಔಷಧಿ. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಹಿಂದಿನ ಕಥೆ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಆಗಿಬರುವುದಿಲ್ಲ. ಪೂಜೆಗಾದರೆ ಸರಿ, ಚಿಕಿತ್ಸೆಗಾದರೆ ಭಯ. ಹಾಗಾಗಿ ಎಷ್ಟೋ ಹುಡುಗಿಯರು ಮೊದಲ ಹಾರ್ಮೋನ್ ಮಾತ್ರೆಯನ್ನು ವೈದ್ಯರ ಮುಖ ನೋಡದೆಯೇ ನುಂಗಿರುತ್ತಾರೆ. ಪಿಸಿಒಡಿಗೆ ವೈದ್ಯರು ಬರೆಯುವ ಮಾತ್ರೆಗಳು ಬೇರೆ ಮಿಶ್ರಣದವು. ಅವನ್ನು ನಿಲ್ಲಿಸಿದ ಮೇಲೆ ಬಸಿರಾಗುವ ಶಕ್ತಿ ಹಿಂದಿನಂತೆ ಮರಳುತ್ತದೆ.

ಆಮೇಲೆ ಮೊಬೈಲು. ಹೇಳಿಕೊಳ್ಳಲು ಯಾರೂ ಇಲ್ಲದವಳಿಗೆ ಅದು ದೊಡ್ಡ ಆಸರೆ, ಸುಳ್ಳಲ್ಲ. ಆದರೆ ಅಲ್ಲಿ ಎಲ್ಲ ಲಕ್ಷಣವೂ ಪಿಸಿಒಡಿಗೇ ಹೋಗಿ ನಿಲ್ಲುತ್ತದೆ. ನಿಜವಾಗಿ ಪಿಸಿಒಎಸ್ (ಪಿಸಿಒಡಿಗೆ ವೈದ್ಯರು ಬಳಸುವ ಹೆಸರು) ಅಂತ ಹೇಳಲು ಮೂರರಲ್ಲಿ ಎರಡು ಇರಬೇಕು: ಮುಟ್ಟು ತಪ್ಪುವುದು, ಗಂಡು ಹಾರ್ಮೋನ್ ಜಾಸ್ತಿಯಾದ ಗುರುತು (ಮುಖದ ಮೇಲೆ ಕೂದಲು, ಮೊಡವೆ ಅಥವಾ ರಕ್ತಪರೀಕ್ಷೆಯ ಅಂಕಿ), ಸ್ಕ್ಯಾನಿನಲ್ಲಿ ಅಂಡಾಶಯದ ತುಂಬ ಸಣ್ಣ ಗುಳ್ಳೆ. ಅದಕ್ಕೂ ಮೊದಲು ಥೈರಾಯ್ಡ್‌ನಂಥ ಬೇರೆ ಕಾರಣ ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಜನ ಹೆದರುವ ಆ 'ನೀರುಗುಳ್ಳೆ'ಗಳು ಗಡ್ಡೆಯಲ್ಲ, ಪೂರ್ತಿ ಬೆಳೆಯದೆ ನಿಂತ ಅಂಡದ ಚೀಲಗಳು. ಮೈನೆರೆದು ಎಂಟು ವರ್ಷ ಆಗದ ಹುಡುಗಿಯರಲ್ಲಿ ಸ್ಕ್ಯಾನ್ ನೋಡಿ ಪಿಸಿಒಎಸ್ ಅನ್ನಬಾರದು ಅಂತ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆ ವಯಸ್ಸಿನಲ್ಲಿ ಆರೋಗ್ಯವಂತರಿಗೂ ಹಾಗೆ ಕಾಣುತ್ತದೆ.

ಮದುವೆ ಇಲ್ಲಿ ಎರಡು ಕಡೆಯೂ ಎಳೆಯುತ್ತದೆ. 'ಮದುವೆ ಆದಮೇಲೆ ಎಲ್ಲ ಸರಿಹೋಗುತ್ತೆ' ಅಂತ ವರ್ಷಗಟ್ಟಲೆ ತಡೆದವರೇ, ಗಂಡು ನೋಡಲು ಶುರುಮಾಡಿದ ತಿಂಗಳು ಮಗಳನ್ನು ವೈದ್ಯರ ಬಳಿ ಎಳೆದುಕೊಂಡು ಹೋಗುತ್ತಾರೆ. ಗಲ್ಲದ ಮೇಲಿನ ಕೂದಲು, ತೂಕ, ತಪ್ಪಿದ ಮುಟ್ಟು ಆಗ ಇದ್ದಕ್ಕಿದ್ದಂತೆ ತುರ್ತಾಗುತ್ತವೆ. ತಳ್ಳು ಸಿಕ್ಕಿತು, ಆದರೆ ಅದು ಹುಡುಗಿಯ ಆರಾಮಿಗಾಗಿ ಬಂದದ್ದಲ್ಲ.

'ಮದುವೆ ಆಗಿದೆಯಾ?' ಅಂತ ಯಾಕೆ ಕೇಳುತ್ತಾರೆ

ಒಳಗೆ ಹೋದ ಕೂಡಲೇ ಬರುವ ಪ್ರಶ್ನೆ ಇದು. ವೈದ್ಯರಿಗೆ ಬೇಕಾದ ಮಾಹಿತಿ ಮದುವೆಯದ್ದಲ್ಲ. ದೈಹಿಕ ಸಂಬಂಧ ಇದೆಯೇ ಅನ್ನುವುದು ಅವರಿಗೆ ಬೇಕು. ಇದ್ದರೆ, ಮುಟ್ಟು ತಪ್ಪಿದ್ದಕ್ಕೆ ಬಸಿರು ಕಾರಣವೇ ಅಂತ ನೋಡಬೇಕು, ಸೋಂಕಿನ ಬಗ್ಗೆ ಯೋಚಿಸಬೇಕು, ಯಾವ ಬಗೆಯ ಪರೀಕ್ಷೆ ಮಾಡಬಹುದು ಅಂತ ತೀರ್ಮಾನಿಸಬೇಕು. ನೇರವಾಗಿ ಕೇಳಲು ಮುಜುಗರ ಅಂತ ಮದುವೆಯ ಬಟ್ಟೆ ಹೊದಿಸಿ ಕೇಳುತ್ತಾರೆ. ಅದರಿಂದ ಇಬ್ಬರಿಗೂ ನಷ್ಟ. ಸಂಬಂಧ ಇರುವ ಅವಿವಾಹಿತೆ 'ಇಲ್ಲ' ಅಂದರೆ ವೈದ್ಯರು ಒಂದು ಮುಖ್ಯ ಸಾಧ್ಯತೆಯನ್ನೇ ಬಿಟ್ಟುಬಿಡುತ್ತಾರೆ. ಪಕ್ಕದಲ್ಲಿ ಅಮ್ಮ ಕೂತಿದ್ದರಂತೂ ಕೇಳುವುದೇ ಬೇಡ. 'ಡಾಕ್ಟರ್, ಎರಡು ನಿಮಿಷ ನಿಮ್ಮ ಹತ್ತಿರ ಒಬ್ಬಳೇ ಮಾತಾಡಬೇಕು' ಅಂತ ಕೇಳುವ ಹಕ್ಕು ರೋಗಿಗಿದೆ. ನಾನೂ ಅವತ್ತು ಎದ್ದು ಹೊರಗೆ ಬಂದೆ.

ಇನ್ನೊಂದು ದೊಡ್ಡ ಭಯ, 'ಒಳಗೆ ಕೈ ಹಾಕಿ ನೋಡ್ತಾರಾ?' ಸಂಬಂಧ ಇಲ್ಲದ ಹುಡುಗಿಯರಿಗೆ ಸಾಮಾನ್ಯವಾಗಿ ಹೊಟ್ಟೆಯ ಮೇಲಿಂದಲೇ ಸ್ಕ್ಯಾನ್ ಮಾಡುತ್ತಾರೆ. ಮೂತ್ರಕೋಶ ತುಂಬಿದ್ದರೆ ಅದರ ಹಿಂದಿರುವ ಗರ್ಭಕೋಶ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಬಾಟಲಿಗಟ್ಟಲೆ ನೀರು ಕುಡಿದು, ಮೂತ್ರ ತಡೆದುಕೊಂಡು ಸರದಿಗೆ ಕಾಯಬೇಕು. ಕಷ್ಟ ಇದ್ದರೆ ಅಷ್ಟೇ. ನಮ್ಮ ಹುಡುಗಿ ಒಂದೂವರೆ ಲೀಟರ್ ಕುಡಿದು ಕಾರಿಡಾರಿನಲ್ಲಿ ಶತಪಥ ತಿರುಗಿದಳು. ಒಳಗಿನ ಪರೀಕ್ಷೆ ಬೇಕೇಬೇಕು ಅಂತಾದರೆ ಮೊದಲು ಹೇಳಿ, ಒಪ್ಪಿಗೆ ಪಡೆದು ಮಾಡಬೇಕು. ಬೇಡ ಅನ್ನಬಹುದು, ಹೆಣ್ಣು ಸಿಬ್ಬಂದಿ ಇರಲಿ ಅಂತ ಕೇಳಬಹುದು. ಇನ್ನು ಕನ್ಯಾಪೊರೆ ನೋಡಿ ಸಂಬಂಧ ಇದೆಯೋ ಇಲ್ಲವೋ 'ಗೊತ್ತುಮಾಡುವ' ಮಾತು. ಎರಡು ಬೆರಳಿನ ಪರೀಕ್ಷೆಗೆ ವೈಜ್ಞಾನಿಕ ಆಧಾರವೇ ಇಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಖಡಕ್ಕಾಗಿ ಹೇಳಿದೆ.

ಸ್ನೇಹ ಕ್ಲಿನಿಕ್‌ಗೂ ತಾಯಿ ಕಾರ್ಡಿಗೂ ನಡುವೆ

ಮನೆಯ ಮಾತಾಯಿತು. ಸರ್ಕಾರದ ಪುಸ್ತಕದಲ್ಲಿ ಈ ಹುಡುಗಿ ಎಲ್ಲಿದ್ದಾಳೆ?

2014ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದವರಿಗೆ. ಅದರ ಅಡಿಯಲ್ಲಿ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವುದೇ ಸ್ನೇಹ ಕ್ಲಿನಿಕ್. ಆಪ್ತಸಮಾಲೋಚಕರು ಇರುತ್ತಾರೆ, ಮುಟ್ಟಿನ ಬಗ್ಗೆ, ಸೋಂಕಿನ ಬಗ್ಗೆ ಕೇಳಬಹುದು. ಶುಚಿ ಯೋಜನೆಯ ಪ್ಯಾಡ್ 10ರಿಂದ 18 ವರ್ಷದ ಶಾಲೆ, ಹಾಸ್ಟೆಲ್ ಹುಡುಗಿಯರಿಗೆ. ಅದಾದ ಮೇಲೆ? ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಬರೆದುಕೊಳ್ಳುವುದು 'ಅರ್ಹ ದಂಪತಿ'ಗಳ ಹೆಸರು. ಹೆಸರೇ ಹೇಳುವಂತೆ, ಮದುವೆಯಾದವರು. ಬಸಿರಾದರೆ ತಾಯಿ ಕಾರ್ಡ್. ಇತ್ತ 20 ತುಂಬಿದ, ಅತ್ತ ಮದುವೆಯಾಗದ ಹುಡುಗಿ ಎರಡು ಪುಸ್ತಕದಲ್ಲೂ ಇಲ್ಲ. ಅವಳಿಗೆ ಆಸ್ಪತ್ರೆಯ ಬಾಗಿಲು ಮುಚ್ಚಿದೆ ಅಂತಲ್ಲ, ಹೋದರೆ ನೋಡುತ್ತಾರೆ. ಆದರೆ ಅವಳ ಮನೆ ಬಾಗಿಲಿಗೆ ಬಂದು 'ಹೇಗಿದ್ದೀಯಾ' ಅಂತ ಕೇಳುವವರು ಯಾರೂ ಇಲ್ಲ.

ಹಿಂದೆ ಈ ಸಂದು ಒಂದೆರಡು ವರ್ಷದ್ದು. ಹದಿನೆಂಟಕ್ಕೋ ಇಪ್ಪತ್ತಕ್ಕೋ ಮದುವೆ ಮುಗಿದಿರುತ್ತಿತ್ತು. ಈಗ ಓದು, ಕೆಲಸ ಅಂತ ಅದು ಹತ್ತು ವರ್ಷವಾದರೂ ಆಗಬಹುದು. ಕೆಲವರು ಮದುವೆಯೇ ಬೇಡ ಅನ್ನುತ್ತಾರೆ.

ಈ ಹತ್ತು ವರ್ಷದಲ್ಲಿ ಕೈತಪ್ಪಿಹೋಗುವ ಒಂದು ಸಂಗತಿ ಎಚ್‌ಪಿವಿ ಲಸಿಕೆ. ಗರ್ಭಕಂಠದ ಕ್ಯಾನ್ಸರ್ ಬಹುತೇಕ ಬರುವುದು ಈ ವೈರಸ್‌ನಿಂದ. ಪುಣೆಯ ಸೀರಂ ಸಂಸ್ಥೆಯ 'ಸರ್ವಾವ್ಯಾಕ್' 2023ರ ಜನವರಿಯಲ್ಲಿ ಬಿಡುಗಡೆಯಾಯಿತು. 9ರಿಂದ 14 ವರ್ಷದವರಿಗೆ ಎರಡು ಡೋಸ್, 15ರಿಂದ 26ರವರಿಗೆ ಮೂರು. ದೈಹಿಕ ಸಂಬಂಧ ಶುರುವಾಗುವ ಮುಂಚೆ ಹಾಕಿಸಿದರೆ ಪರಿಣಾಮ ಹೆಚ್ಚು. ಅಂದರೆ ಈ ಲಸಿಕೆಗೆ ಮದುವೆಗೆ ಮುಂಚಿನ ಕಾಲವೇ ಒಳ್ಳೆಯದು. ಆದರೆ 'ಮದುವೆಯಾಗದವಳಿಗೆ ಅದೆಲ್ಲ ಯಾಕೆ' ಅನ್ನುವ ಮಾತು ಇಲ್ಲೇ ಅಡ್ಡ ಬರುತ್ತದೆ.

ಕಾನೂನಿನಲ್ಲಿ 'ಗಂಡ' ಹೋಗಿ 'ಸಂಗಾತಿ' ಬಂದದ್ದು

ಗುಟ್ಟು ಹೊರಗೆ ಹೋದೀತೆಂಬ ಭಯ ಅಡ್ಡಿಗಳಲ್ಲೇ ದೊಡ್ಡದು. ಊರಿನ ಆಸ್ಪತ್ರೆಯ ನರ್ಸ್ ಅತ್ತೆಯ ಗೆಳತಿಯಾಗಿದ್ದರೆ ಮುಗಿಯಿತು. ಈ ಭಯದಿಂದಲೇ ಕೆಲವರು ಗರ್ಭಪಾತದ ಮಾತ್ರೆಯನ್ನು ಕದ್ದುಮುಚ್ಚಿ ತರಿಸಿ ನುಂಗುತ್ತಾರೆ. ಅದು ಜೀವಕ್ಕೇ ಕುತ್ತು ತರಬಹುದು.

ಗರ್ಭಪಾತ ಕಾಯ್ದೆ 1971ರದ್ದು. ಗರ್ಭನಿರೋಧಕ ಕೈಕೊಟ್ಟು ಬಸಿರಾದರೆ ತೆಗೆಸಲು ಅವಕಾಶ ಇದ್ದದ್ದು 'ವಿವಾಹಿತೆ ಅಥವಾ ಅವಳ ಗಂಡ'ನ ಲೆಕ್ಕದಲ್ಲಿ. 2021ರ ತಿದ್ದುಪಡಿಯಲ್ಲಿ ಆ ಜಾಗಕ್ಕೆ 'ಯಾವುದೇ ಮಹಿಳೆ ಅಥವಾ ಅವಳ ಸಂಗಾತಿ' ಬಂತು. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಕ್ಕೆ ಇಬ್ಬರು ವೈದ್ಯರು ಬೇಕು, ಅದೂ ಕೆಲವು ವರ್ಗದ ಮಹಿಳೆಯರಿಗೆ ಮಾತ್ರ. ಆ ವರ್ಗದಲ್ಲಿ ಅವಿವಾಹಿತೆಯರೂ ಸೇರುತ್ತಾರೆ ಅಂತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿತು. ಕೇಸು ಹಾಕಿದ್ದವಳು 25 ವರ್ಷದ ಅವಿವಾಹಿತೆ.

18 ತುಂಬಿದವಳಿಗೆ ಅವಳ ಒಪ್ಪಿಗೆ ಒಂದೇ ಸಾಕು. ಅಪ್ಪನ ಸಹಿ, ಸಂಗಾತಿಯ ಸಹಿ ಕೇಳುವುದು ಕಾನೂನಿನಲ್ಲಿಲ್ಲ. ಹೆಸರನ್ನು ಬಹಿರಂಗ ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. 18ರ ಒಳಗಿದ್ದರೆ ಪೋಷಕರ ಒಪ್ಪಿಗೆ ಬೇಕು, ಪೋಕ್ಸೋ ಕಾಯ್ದೆಯಂತೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಆಗಲೂ, ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ, ಅವಳ ಗುರುತು ಹೇಳಬೇಕಿಲ್ಲ ಅಂತ ಅದೇ ತೀರ್ಪು ಹೇಳಿದೆ.

ತುರ್ತು ಗರ್ಭನಿರೋಧಕ ಮಾತ್ರೆಯನ್ನು ಜನ ಇದರ ಜೊತೆ ಗೊಂದಲ ಮಾಡಿಕೊಳ್ಳುತ್ತಾರೆ. ಅದು ಗರ್ಭಪಾತದ ಮಾತ್ರೆಯಲ್ಲ. ಮುಖ್ಯವಾಗಿ ಅಂಡ ಹೊರಬರುವುದನ್ನು ಮುಂದೂಡುತ್ತದೆ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ಲೆವೊನೊರ್ಜೆಸ್ಟ್ರೆಲ್ ಮಾತ್ರೆಯನ್ನು 72 ಗಂಟೆಯೊಳಗೆ, ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು. ಆಗಲೇ ನಿಂತ ಬಸಿರಿಗೆ ಅದು ಏನೂ ಮಾಡುವುದಿಲ್ಲ.

ಮುಖ ತೋರಿಸದೆ ಕೇಳಬೇಕೆಂದರೆ 104 ಆರೋಗ್ಯವಾಣಿಗೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಕ್ಯಾಲೆಂಡರಿನ ಚುಕ್ಕಿ

ವೈದ್ಯರು ನಮ್ಮ ಹುಡುಗಿಗೆ ಕೇಳಿದ ಎರಡನೇ ಪ್ರಶ್ನೆ, "ಕಳೆದ ಸಲ ಮೊದಲ ದಿನ ಯಾವುದು?" ಅವಳು ಫೋನ್ ತೆಗೆದು ಎಂಟು ತಿಂಗಳ ತಾರೀಕನ್ನೂ ಓದಿದಳು. ವೈದ್ಯರು ಪೆನ್ನು ನಿಲ್ಲಿಸಿ ಅವಳ ಮುಖ ನೋಡಿದರು. ಆಮೇಲೆ ತೂಕ, ಚಳಿ ತಡೆಯುತ್ತದೆಯೇ, ಕೂದಲು ಉದುರುತ್ತದೆಯೇ ಅಂತ ಕೇಳಿ ರಕ್ತಪರೀಕ್ಷೆಗೆ ಬರೆದರು. ಎಂಟು ತಿಂಗಳಿಂದ ಅವಳು ಪಿಸಿಒಡಿ ಅಂತ ನಂಬಿ ಅಳುತ್ತಿದ್ದದ್ದು ಪಿಸಿಒಡಿ ಆಗಿರಲಿಲ್ಲ. ಥೈರಾಯ್ಡ್ ಕಡಿಮೆಯಾಗಿತ್ತು. ಅದಕ್ಕೂ ಮುಟ್ಟು ಏರುಪೇರಾಗುತ್ತದೆ, ಸ್ರಾವ ಜಾಸ್ತಿಯಾಗುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಎರಡು ತಿಂಗಳು ಬಿಟ್ಟು ಮತ್ತೆ ರಕ್ತಪರೀಕ್ಷೆ.

ದಾರಿಯಲ್ಲಿ ಕೇಳಿದೆ, ತಾರೀಕು ಬರೆದಿಡೋದು ಯಾರು ಹೇಳಿಕೊಟ್ಟರು ಅಂತ.

"ಅಮ್ಮನೇ" ಅಂದಳು. "ಅಡುಗೆಮನೆ ಕ್ಯಾಲೆಂಡರಲ್ಲಿ ಹಾಲಿನ ಲೆಕ್ಕದ ಪಕ್ಕ ಒಂದೊಂದು ಚುಕ್ಕಿ ಇಡ್ತಿದ್ಳಲ್ಲ ಚಿಕ್ಕಿ? ಏನು ಅಂತ ಯಾವತ್ತೂ ಹೇಳಿರಲಿಲ್ಲ. ನಾನೇ ಎಣಿಸಿ ಕಂಡುಹಿಡಿದೆ."

ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿದಳು. ಚಿಕ್ಕಿ ಜೊತೆ ಡಾಕ್ಟರ್ ಹತ್ತಿರ ಹೋಗಿದ್ದೆ ಅಂತ ಹೇಳಿದಳು. ಅತ್ತ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಕ್ಕ ಕೇಳಿದ್ದು ಇಷ್ಟೇ, "ಅವರು ನನ್ನನ್ನೂ ನೋಡ್ತಾರಾ?"